ಕರಿಯನ ದನಿ

ಕೆ.ಆರ್. ಪೇಟೆಯಲ್ಲಿ ಬಟ್ಟೆ ಹೊಲಿಯುವ ಕಹಕಶಾನಳ ಕೈಗೆ ಕಚ್ಚಿದ್ದು ಗೆಳತಿ ದ್ಯಾವಮ್ಮನ ನಾಯಿ ಕರಿಯ. ಆಸ್ಪತ್ರೆಯವರು, "ಇಂಜೆಕ್ಷನ್ ಸ್ಟಾಕಿಲ್ಲ, ಸೋಮವಾರ ಬಾ. ಅಲ್ಲೀವರ್ಗೂ ನಾಯಿ ಬದುಕಿರ್ತದಾ ನೋಡ್ಕೋ, ಹುಚ್ಚಿದ್ರೆ ಸತ್ತೋಯ್ತದೆ" ಎಂದು ಸಾಗಹಾಕಿದರು. ಹೆಣ್ಣೊಬ್ಬಳ ಜೀವವನ್ನು ನಾಯಿಯ ಉಸಿರಿಗೆ ಗಂಟುಹಾಕಿ ಸರ್ಕಾರ ಕೈತೊಳೆದುಕೊಂಡಿತು.

ಅಂದಿನಿಂದ ಮಾಕವಳ್ಳಿಯ ದ್ಯಾವಮ್ಮ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕರಿಯ ಬೊಗಳುವ ದನಿ ಕಳಿಸುತ್ತಿದ್ದಳು. ಅದು ಕೇಳಿದ ಮೇಲೆಯೇ ಕಹಕಶಾನಳ ಗಂಟಲಲ್ಲಿ ನೀರಿಳಿಯುತ್ತಿತ್ತು.

ಇವತ್ತೂ ಕೇಳಿಸಿತು. ನೀರು ಕುಡಿದು ಲೋಟ ಇಡುವಷ್ಟರಲ್ಲಿ ದ್ಯಾವಮ್ಮನೇ ಬಾಗಿಲಲ್ಲಿ ನಿಂತಿದ್ದಳು.

"ಏನ್ ದ್ಯಾವಕ್ಕ, ಕರಿಯನ್ನ ಬುಟ್ಟು ಬಂದ್ಬುಟ್ಟೆ?"

"ಇವತ್ತು ಕಳ್ಸಿದ್ದು ಹಳೇ ದನಿ ಕಣವ್ವ. ಕರಿಯ ಜೊಲ್ಲು ಸುರಿಸ್ಕಂಡು ಸತ್ತೋದ. ನೀನೊಬ್ಳೇ ಇರುವಾಗ ಫೋನಲ್ಲಿ ಎಂಗೇಳ್ಲಿ? ಏಳು, ಮೈಸೂರಲ್ಲಿ ಇಂಜೆಕ್ಷನ್ ಐತಂತೆ."

ಬಸ್ಸಿನಲ್ಲಿ ಕಹಕಶಾನ್ ಗಾಯವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡಳು. ಎಂಜಿನ್ನಿನ ಸದ್ದಿನ ಅಡಿಯಿಂದ ಸತ್ತ ನಾಯಿ ಬೊಗಳುತ್ತಲೇ ಇತ್ತು. ಬಾಟಲಿ ತೆರೆದಳು, ನೀರಿಳಿಯದಿದ್ದರೆ ಹುಚ್ಚು ಹತ್ತಿದಂತೆಯೇ ಎಂದು ಕುಡಿಯಲು ಧೈರ್ಯ ಬರಲಿಲ್ಲ.

"ಫೋನಲ್ಲಿರೋ ಆ ದನಿ ಅಳಿಸ್ಬುಡವ್ವ," ಎಂದು ದ್ಯಾವಮ್ಮ ಕಣ್ಣೊರೆಸಿಕೊಂಡಳು. ಸಾಕಿದವಳಲ್ಲವೇ.

"ಬ್ಯಾಡ ಅಕ್ಕ. ವಾಪಸ್ ಬಂದ್ಮೇಲೆ ಸ್ಟಾಕಿಲ್ಲ ಅಂದೋರ ಮೇಜಿನ್ ಮ್ಯಾಲೆ ಫೋನ್ ಮಡಗಿ ಜೋರಾಗಿ ಹಾಕಾಣ. ಅವ್ರಿಗೂ ನೀರಿಳೀದಂಗೆ ಆಗ್ಲಿ."