ಗೆಡ್ಡೆಯ ಬೆನ್ನಿಗೆ ಬಿಸಿಲು

ಅವನನ್ನು ಎಲ್ಲರೂ ಆರಡಿ ಎಂದೇ ಕರೆಯುತ್ತಿದ್ದರು. ಅದು ಅವನ ಎತ್ತರವಲ್ಲ; ಎತ್ತರ ಐದಡಿ ಎರಡಂಗುಲ. ಮೂವತ್ತೊಂದು ವರ್ಷ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ ಮಾಡಿ, ಒಂದನ್ನೂ ಆರಡಿಗಿಂತ ಕಡಿಮೆಗೆ ಬಿಟ್ಟವನಲ್ಲ ಎಂಬುದಕ್ಕೆ ಬಂದ ಹೆಸರು. ಕಲ್ಲು ಸಿಕ್ಕರೂ ಅಷ್ಟೇ, ನೀರು ಬಂದರೂ ಅಷ್ಟೇ.

ನಿವೃತ್ತನಾದ ವಾರವೇ ಹೆಂಡತಿ ಹೇಳಿದಳು: "ರೀ, ಇಷ್ಟು ವರ್ಷ ಈ ಮನೆಗೆ ಬಂದ ಹೂವೆಲ್ಲ ಯಾರದೋ ಗೋರಿ ಮೇಲಿಂದ ಬಂದದ್ದು. ನಮ್ಮದೇ ಅಂತ ಒಂದು ಹೂ ನೋಡ್ಬೇಕು ನಂಗೆ."

ಆರಡಿಗೆ ಅದು ನ್ಯಾಯವೆನಿಸಿತು. ಸಸಿ ಮಾರುವ ಅಕ್ಕನ ಬಳಿ ಹೋದ. ಅವಳು ಶುಂಠಿಯಂತೆ ಕಾಣುವ ಎಂಟು ಗೆಡ್ಡೆ ಕೊಟ್ಟಳು.

"ಗಡ್ಡದ ಐರಿಸ್ ಕಣೋ ಇದು. ಕೆಳಗಿನ ಎಸಳ ಮೇಲೆ ಕಂಬಳಿಹುಳದ ಹಾಗೆ ಹಳದಿ ಗಡ್ಡ ಇರುತ್ತೆ."

"ಗೆಡ್ಡೆಗೆ ಗಡ್ಡಾನಾ?"

"ಗಡ್ಡ ಹೂವಿಗೆ, ಗೆಡ್ಡೆ ನೆಲಕ್ಕೆ. ತಲೆ ತಿನ್ಬೇಡ."

ಅಷ್ಟರಲ್ಲಿ ಗಿರಾಕಿ ಬಂದದ್ದರಿಂದ, ಹೇಗೆ ನೆಡಬೇಕೆಂದು ಅವಳು ಹೇಳಲಿಲ್ಲ. ನೆಲ ಅಗೆಯುವುದನ್ನು ಇನ್ನೊಬ್ಬರ ಹತ್ತಿರ ಕೇಳುವವನು ಅವನೂ ಅಲ್ಲ. ಹಿತ್ತಲಲ್ಲಿ ದಾರ ಕಟ್ಟಿ, ಬದಿಗಳನ್ನು ನೇರವಾಗಿ ಕಡಿದು ಎಂಟು ಗುಂಡಿ ತೋಡಿದ. ಗಿಡವಲ್ಲವೇ ಎಂದು ರಿಯಾಯಿತಿ ತೋರಿಸಿ ಒಂದು ಗೇಣಿಗೇ ನಿಲ್ಲಿಸಿದ. ಮಣ್ಣು ಮುಚ್ಚಿ ಸಲಿಕೆಯ ಬೆನ್ನಿನಿಂದ ಗಟ್ಟಿಯಾಗಿ ತಟ್ಟಿದ.

ಎರಡು ವರ್ಷ ಅಲ್ಲೊಂದು ಇಲ್ಲೊಂದು ಬಡಕಲು ಎಲೆ ಬಂತು. ಹೂ ಬರಲಿಲ್ಲ. ಹೆಂಡತಿ ದಿನವೂ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು, ನೋಡಿ, ಮುಚ್ಚುತ್ತಿದ್ದಳು. ಬೈದಿದ್ದರೆ ಅವನಿಗೆ ವಾಸಿಯಿತ್ತು.

ಮೂರನೆಯ ವರ್ಷ ಅಕ್ಕ ಬಂದಳು. ಕೆದಕಿ ನೋಡಿದಳು. ಕೈ ಮಣಿಕಟ್ಟಿನವರೆಗೆ ಇಳಿದರೂ ಗೆಡ್ಡೆ ಸಿಗಲಿಲ್ಲ.

"ಅಯ್ಯೋ ನಿನ್ನ! ಹೂ ಬಿಡ್ಲಿ ಅಂತ ಕೊಟ್ರೆ ಹೂತೇ ಬಿಟ್ಟಿದ್ದೀಯಲ್ಲೋ!"

ಅಗೆದು ತೆಗೆದಾಗ ಮೂರು ಗೆಡ್ಡೆ ಕೊಳೆತು ನಾರುತ್ತಿದ್ದವು, ಐದಕ್ಕೆ ಜೀವವಿತ್ತು. ಅಕ್ಕ ಮಣ್ಣನ್ನು ದಿಣ್ಣೆ ಮಾಡಿ, ಬೇರನ್ನು ಎರಡೂ ಕಡೆ ಇಳಿಬಿಟ್ಟು, ಗೆಡ್ಡೆಯ ಬೆನ್ನು ಕಾಣುವಂತೆ ಕೂರಿಸಿದಳು. "ಬೆನ್ನಿಗೆ ಬಿಸಿಲು ಬೀಳ್ಬೇಕು. ಮುಚ್ಚಿದ್ಯೋ, ನೋಡು ಮತ್ತೆ."

ಆರಡಿ ಒಪ್ಪಿದ. ಆದರೆ ಮರುದಿನದಿಂದ ಗೆಡ್ಡೆಗಳ ಮೇಲೆ ದಿನಕ್ಕೊಂದು ಹಿಡಿ ಮಣ್ಣು ಬೀಳತೊಡಗಿತು. ಆರನೆಯ ದಿನ ಹೆಂಡತಿ ಹಿಡಿದಳು.

"ಏನ್ರೀ ಇದು?"

"ಅರ್ಧ ಮೈ ಹೊರಗಿದೆ ಕಣೆ. ನೋಡಿಕೊಂಡು ಸುಮ್ನಿರೋಕೆ ಆಗಲ್ಲ."

"ಅದು ಸತ್ತಿಲ್ಲ, ಬಿಸಿಲು ಕಾಯ್ತಾ ಇದೆ."

ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಐದೂ ಗೆಡ್ಡೆಗಳ ಬೆನ್ನು ತಿಕ್ಕಿದಳು. ಆಮೇಲೆ ಅವನು ಹಿತ್ತಲಿಗೆ ಹೋದಾಗಲೆಲ್ಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದ.

ಮುಂದಿನ ವರ್ಷ ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಅಡುಗೆಮನೆಗೆ ಬಂದು ಹೇಳಿದ: "ಬಾ ಇಲ್ಲಿ. ಒಬ್ಬರು ಎದ್ದಿದ್ದಾರೆ."

ಅವಳು ಒದ್ದೆ ಕೈಯಲ್ಲೇ ಓಡಿದಳು. ಎದೆಯೆತ್ತರದ ದಂಟಿನ ತುದಿಯಲ್ಲಿ ನೇರಳೆ ಹೂ. ಮೇಲಿನ ಮೂರು ಎಸಳು ನಿಂತಿದ್ದವು, ಕೆಳಗಿನ ಮೂರು ಬಾಗಿದ್ದವು. ಬೆರಳು ಚಾಚಿ ಹಳದಿ ಗಡ್ಡವನ್ನು ಮುಟ್ಟಿದಳು.

"ಮೆತ್ತಗಿದೆ. ನಿಮ್ಮದರ ಹಾಗಲ್ಲ," ಎಂದಳು. ಅವಳ ಕಣ್ಣು ತುಂಬಿತು.

ಇಂಥ ಹೊತ್ತಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿ ನಿಲ್ಲುವುದು ಅವನಿಗೆ ಕೆಲಸದಿಂದ ಬಂದ ಅಭ್ಯಾಸ. ಹಾಗೆಯೇ ನಿಂತ.

"ಅಲ್ಯಾಕೆ ನಿಂತ್ರಿ, ಬನ್ನಿ ಇಲ್ಲಿ," ಎಂದು ಅವಳು ತೋಳು ಹಿಡಿದು ಎಳೆದುಕೊಂಡಳು.

ಮೂರನೆಯ ದಿನ ಹೂ ಮುದುಡಿತು. ಆಯಿತಲ್ಲ, ಇಷ್ಟೇ ಎಂದುಕೊಂಡು ಅವನು ಅದನ್ನು ಚಿವುಟಿ ತೆಗೆದ. ಮಾರನೆಯ ಬೆಳಿಗ್ಗೆ ಅದೇ ದಂಟಿನಲ್ಲಿ ಅದರ ಕೆಳಗಿನ ಮೊಗ್ಗು ಅರಳಿತ್ತು. ಮೂವತ್ತೊಂದು ವರ್ಷದಲ್ಲಿ ಅವನು ಇಂಥದ್ದನ್ನು ಕಂಡಿರಲಿಲ್ಲ. ಇನ್ನೂ ಎರಡು ಮೊಗ್ಗು ಉಳಿದಿದ್ದವು. ಗಂಡಹೆಂಡತಿ ಹಿತ್ತಲಿಗೆ ಕುರ್ಚಿ ತಂದು ಹಾಕಿಕೊಂಡು ಕೂತರು.