ನಾಲ್ಕು ‘ಎ’ಗಳು

ನವನೀತ್ ಫ್ಲಾಟುಗಳ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ಕಂಬಕ್ಕೆ ಬೋರ್ಡು ಕಟ್ಟುತ್ತಿದ್ದ. ಗಂಡನ ಶವಪೆಟ್ಟಿಗೆಯ ಪಕ್ಕ ಕೂತಿದ್ದ ಜಯಾ ತಲೆಯೆತ್ತಿ ನೋಡಿದಳು. ನುಣುಪು ಪ್ಲಾಸ್ಟಿಕ್ ಹಾಳೆಯ ಮೇಲೆ ದ್ವಾರಕನಾಥ್ ಎಂಬ ಗಂಡನ ಹೆಸರು ಇಂಗ್ಲಿಷಿನಲ್ಲಿ, ಜಪಾನಿ ಕುಂಚದ ವರಸೆಯಲ್ಲಿ ಅಚ್ಚಾಗಿತ್ತು. ಅವರೇ ಬರೆದುಕೊಟ್ಟ ಹಾಳೆಗಳಿಂದ ಅಕ್ಷರ ಆರಿಸಿ ಅಂಟಿಸು, ಕೊನೇ ದಿನವಾದರೂ ಹೆಸರು ಅವರ ಕೈಯಲ್ಲೇ ಇರಲಿ ಎಂದು ಅವಳು ಬೆಳಿಗ್ಗೆ ನವನೀತನನ್ನು ಕೇಳಿಕೊಂಡಿದ್ದಳು.

ಪುಂಗೋಲ್ ಬಡಾವಣೆಯಿಂದ ಬಂದಿದ್ದ ಪರಿಚಯದ ಶ್ರೀವಿದ್ಯಾ ಬೋರ್ಡಿನ ಫೋಟೋ ತೆಗೆದುಕೊಂಡಳು. “ಅಂಕಲ್ ಹ್ಯಾಂಡ್‌ರೈಟಿಂಗೇ ಅಲ್ವಾ, ಎಷ್ಟು ಟಚಿಂಗ್ ಆಗಿದೆ.”

ಜಯಾ ಬೋರ್ಡನ್ನೇ ದಿಟ್ಟಿಸಿದಳು. ಹೆಸರಿನ ನಾಲ್ಕೂ ‘ಎ’ಗಳ ಬಲಗಾಲಿನಲ್ಲಿ ಕುಂಚದ ಮಸಿ ತೀರಿದ ಗೀರು ಒಂದೇ ಜಾಗದಲ್ಲಿತ್ತು.

*

ದ್ವಾರಕನಾಥ್ ಜಪಾನಿ ಹೋಟೆಲುಗಳಿಗೆ ಬೋರ್ಡು, ಮೆನು ಬರೆದೇ ಸಂಸಾರ ತೂಗಿಸಿದವನು. ಅಕ್ಷರ ಎರಡು ಸಲ ಒಂದೇ ತರ ಬಂದರೆ ಅದು ಬರವಣಿಗೆಯಲ್ಲ, ಠಸ್ಸೆ ಎಂದು ಹೆಂಡತಿಯ ತಲೆ ತಿನ್ನುತ್ತಿದ್ದ. ಕೆಳಗಿನ ಮನೆಯ ನವನೀತ್ ನಿಮ್ಮ ಬರಹದಿಂದ ಕಂಪ್ಯೂಟರಿಗೆ ಫಾಂಟ್ ಮಾಡುತ್ತೇನೆ ಅಂದಾಗ ಮುದುಕ ಹಿಗ್ಗಿಹೋದ. ಒಂದೊಂದು ಅಕ್ಷರವನ್ನೂ ಹಾಳೆ ತುಂಬ ಬಗೆಬಗೆಯಾಗಿ ಬರೆದುಕೊಟ್ಟ. ಜಯಾ ಕಾಫಿ ಮಾಡಿ ಮಾಡಿ ಸುಸ್ತಾದಳು.

ಫಾಂಟ್ ಬಂದ ವರ್ಷವೇ ಹೋಟೆಲಿನವರು ಮೆನು ತಾವೇ ಟೈಪ್ ಮಾಡಿಕೊಂಡರು. ಅವನ ಅನ್ನವನ್ನು ಅವನ ಅಕ್ಷರವೇ ಕಿತ್ತುಕೊಂಡಿತು. ಕುಂಚವನ್ನು ತೊಳೆಯದೆ ಮೂಲೆಗೆಸೆದ, ಮತ್ತೆ ಮುಟ್ಟಲಿಲ್ಲ.

*

ಪೆಟ್ಟಿಗೆ ಮುಚ್ಚುವ ಹೊತ್ತಾಯಿತು. ಜಯಾ ನವನೀತನನ್ನು ಹತ್ತಿರ ಕರೆದಳು.

“ಎಷ್ಟೊಂದು ‘ಎ’ ಬರ್ದುಕೊಟ್ಟಿದ್ರಲ್ಲಪ್ಪ. ಮಿಕ್ಕಿದ್ದೆಲ್ಲ ಎಲ್ಲಿ?”

“ಫಾಂಟ್‌ಗೆ ಒಂದೇ ಸಾಕಿತ್ತು ಆಂಟಿ. ಸ್ಕ್ಯಾನ್ ಆದ್ಮೇಲೆ ಹಾಳೆ ಎಲ್ಲ ಎಸೆದ್ಬಿಟ್ಟೆ.”

ಜಯಾ ಗಂಡನ ಜೊತೆ ಕಳಿಸಲೆಂದು ಸೆರಗಿನಲ್ಲಿ ಇಟ್ಟುಕೊಂಡಿದ್ದ ಕುಂಚವನ್ನು, ಅವನ ಬಾಯಿಗೆ ಬಿಡಲು ತಂದಿದ್ದ ಗಂಗಾಜಲದಲ್ಲಿ ಅದ್ದಿದಳು. ಒಣಗಿ ಕಲ್ಲಾಗಿದ್ದ ಹಳೇ ಮಸಿ ಮೆಲ್ಲಗೆ ಬಿಟ್ಟುಕೊಂಡಿತು. ಎದ್ದುಹೋಗಿ ಮೊದಲನೇ ‘ಎ’ಯ ಮೇಲೆ ಸೊಟ್ಟಗೆ ಎಳೆದಳು. ಆ ಒಂದು ಅಕ್ಷರ ಮಾತ್ರ ಉಳಿದ ಮೂರರಂತಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲದೆ ಕೆಳಗಿಳಿಯತೊಡಗಿತು.

“ಇರಿ ಆಂಟಿ, ಗಲೀಜಾಗತ್ತೆ,” ಎಂದು ನವನೀತ್ ಜೇಬಿನಿಂದ ಟಿಶ್ಯೂ ತೆಗೆದು, ಅಂಚುಗಳನ್ನೂ ಬಿಡದೆ ಒರೆಸಿದ. ನಾಲ್ಕೂ ‘ಎ’ಗಳು ಮತ್ತೆ ಒಂದೇ ತರ ಆದವು.