ಮೇನ್ ಸ್ವಿಚ್ಚಿನ ಕುಂಕುಮ

"ಯಾರು ಆಫ್ ಮಾಡಿದ್ದು?" ಎಂದು ಚಕ್ರಪಾಣಿ ಮೂರನೆಯ ಸಲ ಕೇಳಿದರು. ಸ್ಟೋರ್ ರೂಮಿನ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಅದರ ನೆತ್ತಿಗೆ ಕುಂಕುಮ ಬೇರೆ.

ಪರದೇಶದ ಇಂಡಸ್ಟ್ರಿಯಲ್ ಏರಿಯಾದ ಆ ಮಾತ್ರೆ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಯಂತ್ರಗಳನ್ನು ನೋಡಿಕೊಂಡ ಮನುಷ್ಯ ಇನ್ನು ಮೂರು ವಾರಕ್ಕೆ ನಿವೃತ್ತಿಯಾಗಿ ಮೈಸೂರಿಗೆ ಹೊರಡುವವರು. ಹೋಗುವ ಮೊದಲು ಒಂದೇ ಆಸೆ ಇತ್ತು: ಅರವತ್ತು ಲಕ್ಷ ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಬೇಕು. ಎರಡನ್ನು ಎರಡರಿಂದಲೇ ಎರಡು ಕೋಟಿಗೂ ಹೆಚ್ಚು ಸಲ ಗುಣಿಸಿ, ಒಂದು ಕಳೆದರೆ ಬರುವ ಸಂಖ್ಯೆ ಅದು. ಪರೀಕ್ಷೆ ಮಾತ್ರ ಸರಳ. ನಾಲ್ಕರಿಂದ ಶುರು, ವರ್ಗ ಮಾಡಿ ಎರಡು ಕಳೆ, ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊ, ಶೇಷವನ್ನು ಮತ್ತೆ ವರ್ಗ ಮಾಡು. ಎರಡು ಕೋಟಿ ಸಲ ಹೀಗೆ ಮಾಡಿ ಕೊನೆಗೆ ಸೊನ್ನೆ ಉಳಿದರೆ, ಅದನ್ನು ಯಾರೂ ಒಡೆಯಲಾರರು.

ಪ್ರೋಗ್ರಾಂ ಅವರೇ ಬರೆದದ್ದು. ನಡುನಡುವೆ ಲೆಕ್ಕ ಉಳಿಸಿಡುವ ನಾಲ್ಕು ಸಾಲು ಸೇರಿಸದೆ, ಜನರೇಟರ್ ಇದೆ, ಯುಪಿಎಸ್ ಇದೆ ಎಂಬ ಧೈರ್ಯದಲ್ಲಿ ಓಡಿಸಿಬಿಟ್ಟಿದ್ದರು. ಇವತ್ತಿಗೆ ನಲವತ್ತೊಂದು ದಿನ. ಇನ್ನೆರಡು ದಿನ ಸಾಕಿತ್ತು.

"ಕುಂಕುಮ ಇಟ್ಟಿದ್ದು ನಾನು. ಆಫ್ ಮಾಡಿದ್ದು ನಾನಲ್ಲ," ಎಂದಳು ಪೂಜೆಗೆ ಬಂದಿದ್ದ ಹೆಂಡತಿ ಕೋಕಿಲಾ. "ಆಯುಧ ಪೂಜೆ ದಿನ ಮಿಷಿನ್ ಓಡಿಸ್ತಾರೇನ್ರೀ? ನೀವೇ ಅಲ್ವ ಪ್ರತಿವರ್ಷ ಎಲ್ಲರ ತಲೆ ತಿನ್ನೋದು?"

ಆ ಊರಿನವನೇ ಆದ ಎಲೆಕ್ಟ್ರಿಷಿಯನ್ ವಾಫುಲಾ ನೋಟಿಸ್ ಬೋರ್ಡಿನ ಹಾಳೆ ಕಿತ್ತು ತಂದ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಯಂತ್ರಗಳಿಗೂ ವಿಶ್ರಾಂತಿ, ಯುಪಿಎಸ್ ಸಹಿತ, ವಿನಾಯಿತಿ ಇಲ್ಲ. ಕೆಳಗೆ ಚಕ್ರಪಾಣಿಯವರದೇ ರುಜು. ಹೋದ ವರ್ಷದ ಒಕ್ಕಣೆಗೆ ತಾರೀಖು ಮಾತ್ರ ಬದಲಿಸಿ ಕಾಲ ಮೇಲೆ ಚಪ್ಪಡಿ ಎಳೆದುಕೊಂಡಿದ್ದರು.

"ಸಾರಿ, ಬ್ವಾನಾ," ಎಂದ ವಾಫುಲಾ, ತನ್ನ ಭಾಷೆಯಲ್ಲಿ ಯಜಮಾನರನ್ನು ಕರೆಯುವಂತೆ.

ಚಕ್ರಪಾಣಿ ಅವನನ್ನು ಬೈಯುವಂತಿರಲಿಲ್ಲ. ಬೈಯುವುದಾದರೆ ಕನ್ನಡಿ ಹುಡುಕಬೇಕಿತ್ತು.

"ಇನ್ನೊಂದ್ಸಲ ಹಾಕಿ, ಅಷ್ಟೇ," ಎಂದಳು ಕೋಕಿಲಾ.

"ನಲವತ್ಮೂರು ದಿನ ಬೇಕು ಕಣೇ. ಫ್ಲೈಟ್ ಇಪ್ಪತ್ತೊಂದಕ್ಕೆ. ಕಂಪ್ಯೂಟರ್ ಕಂಪನೀದು."

"ಹಾಗಾದ್ರೆ ಬಿಡಿ. ಆ ನಂಬರ್ ಎಲ್ಲಿಗ್ ಹೋಗತ್ತೆ? ಒಡೆಯೋದಾದ್ರೆ ಇವತ್ತೂ ಒಡೆಯತ್ತೆ, ನಾಳೆನೂ ಒಡೆಯತ್ತೆ."

ಗಣಿತದ ಮಟ್ಟಿಗೆ ಅದು ಸರಿಯಾದ ಮಾತು. ಅದಕ್ಕೇ ಅವರಿಗೆ ಇನ್ನಷ್ಟು ರೇಗಿತು.

ಮಧ್ಯಾಹ್ನ ಸ್ವಿಚ್ ಮತ್ತೆ ಮೇಲಕ್ಕೇರಿತು. ಚಕ್ರಪಾಣಿ ಹಲ್ಲು ಕಚ್ಚಿಕೊಂಡು ಮೊದಲು ಲೆಕ್ಕ ಉಳಿಸಿಡುವ ಆ ನಾಲ್ಕು ಸಾಲು ಬರೆದರು. ಆಮೇಲೆ ನಾಲ್ಕು ಎಂದು ಒತ್ತಿದರು. ಬಾಗಿಲಲ್ಲಿ ನಿಂತಿದ್ದ ವಾಫುಲಾ ಕೇಳಿದ:

"ಕೊನೆಗೆ ಏನು ಬರಬೇಕು?"

"ಸೊನ್ನೆ. ಬಂದರೆ ನನಗೆ ಫೋನ್ ಮಾಡು."

"ಬರದಿದ್ದರೆ?"

ಚಕ್ರಪಾಣಿ ಕುರ್ಚಿಯಿಂದ ಎದ್ದರು.

"ಆಗಲೂ ಮಾಡು."

ವಾಫುಲಾ ಕೈಯಲ್ಲಿದ್ದ ನೋಟಿಸನ್ನು ಮಗುಚಿ, ಖಾಲಿ ಬೆನ್ನಿಗೆ ತನ್ನ ಭಾಷೆಯಲ್ಲಿ 'ಉಸಿಜಿಮೆ' ಎಂದು ದಪ್ಪಗೆ ಬರೆದ. ಅಂದರೆ, ಆರಿಸಬೇಡಿ. ಮೇನ್ ಸ್ವಿಚ್ಚಿನ ಮೇಲೆ ಅದನ್ನು ಅಂಟಿಸುವಾಗ, ಇನ್ನೂ ಒಣಗದ ಕುಂಕುಮ ಅವನ ಹೆಬ್ಬೆರಳಿಗೆ ತಾಗಿತು.